ಶೋಧನೆ ಬರುವ ಮೊದಲೇ ಸಿದ್ಧರಾಗಿ: ವಿಶ್ವಾಸಿಗಳಿಗೆ ದಿನನಿತ್ಯದ ಮಾರ್ಗದರ್ಶಿ

ದಿನವೂ ಪ್ರಾರ್ಥಿಸುವವರೂ ತಪ್ಪದೆ ಸತ್ಯವೇದ (ಬೈಬಲ್) ಓದುವವರೂ ಶೋಧನೆಯಲ್ಲಿ, ಅಂದರೆ ಪಾಪಕ್ಕೆ ಎಳೆಯುವ ಸೆಳೆತದಲ್ಲಿ, ಬೀಳುತ್ತಾರೆ. ಭಕ್ತಿ ಸಾಲದೆ ಬೀಳುವುದಕ್ಕಿಂತ ತಡವಾಗಿ ಎಚ್ಚೆತ್ತು ಬೀಳುವುದೇ ಹೆಚ್ಚು. ಆಸೆ ಉಕ್ಕಿ, ನೆಪವೂ ಸಿದ್ಧವಾಗಿ, ಕೈ ಮುಂದೆ ಚಾಚಿದ ಮೇಲೆ ‘ಕರ್ತನೇ, ಕಾಪಾಡು’ ಎನ್ನುತ್ತೇವೆ. ಆಗಲೂ ಆತನು ಕೇಳುತ್ತಾನೆ, ಸಂಶಯವಿಲ್ಲ. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಈ ಅಭ್ಯಾಸವನ್ನು ಸತ್ಯವೇದ ನಮಗೆ ಕಲಿಸುವುದಿಲ್ಲ.

ಯಾಕೋಬನು ತನ್ನ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ (1:14-15) ಬೀಳುವಿಕೆಯ ಕ್ರಮವನ್ನು ಬಿಡಿಸಿ ಹೇಳಿದ್ದಾನೆ. ಮನುಷ್ಯನ ಒಳಗಿರುವ ದುರಾಶೆಯೇ ಅವನನ್ನು ಎಳೆದು ಮರುಳುಗೊಳಿಸುತ್ತದೆ. ದುರಾಶೆ ಬಸುರಾಗಿ ಪಾಪವನ್ನು ಹೆರುತ್ತದೆ. ಪಾಪ ಬೆಳೆದು ಮರಣವನ್ನು ಹೆರುತ್ತದೆ. ಅಂದರೆ ಸೆಳೆತಕ್ಕೂ ಪಾಪಕ್ಕೂ ನಡುವೆ ಒಂದಷ್ಟು ಅಂತರವಿದೆ. ಆ ಅಂತರದಲ್ಲಿ ನಾವು ‘ಸರಿ’ ಎನ್ನಬಹುದು, ‘ಬೇಡ’ ಎನ್ನಬಹುದು. ಮುಂದೆ ಹೇಳುವ ಹೆಜ್ಜೆಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದವೆಲ್ಲ ಆ ಅಂತರಕ್ಕೆ ಸೇರಿದವು, ಇಲ್ಲವೇ ಅದಕ್ಕೂ ಮೊದಲಿನವು.

ಒಂದು ಮಾತನ್ನು ಆರಂಭದಲ್ಲೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಶೋಧನೆ ಬರುವುದೇ ಪಾಪವಲ್ಲ. ಯೇಸು ಎಲ್ಲ ವಿಷಯಗಳಲ್ಲೂ ನಮ್ಮ ಹಾಗೆಯೇ ಶೋಧಿಸಲ್ಪಟ್ಟನು, ಆದರೂ ಪಾಪರಹಿತನಾಗಿದ್ದನು ಎನ್ನುತ್ತದೆ ಇಬ್ರಿಯರಿಗೆ ಬರೆದ ಪತ್ರಿಕೆ (4:15). ಇದು ತಿಳಿಯದವರು ಕೆಟ್ಟ ಯೋಚನೆ ಹಾಯ್ದ ಕೂಡಲೇ ‘ಮನಸ್ಸಿನಲ್ಲಿ ಆಗಲೇ ಬಿದ್ದಾಯಿತು, ಇನ್ನು ಮಾಡಿದರೇನು, ಬಿಟ್ಟರೇನು’ ಎಂದು ಕೈಚೆಲ್ಲುತ್ತಾರೆ. ಯೋಚನೆ ಬಂದು ಹೋಗುವುದು ಒಂದು, ಅದನ್ನು ಕೂರಿಸಿಕೊಂಡು ಸವಿಯುವುದು ಇನ್ನೊಂದು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಇದೆ.

ಮೊದಲ ಹೆಜ್ಜೆ: ನಿಮ್ಮ ಶೋಧನೆಯನ್ನು ಗುರುತಿಸಿ

ಎಲ್ಲ ಪಾಪಗಳ ಮೇಲೂ ಒಟ್ಟಿಗೆ ಯುದ್ಧ ಸಾರಬೇಡಿ. ಯಾರಿಗೂ ಅಷ್ಟು ಗಮನ ಉಳಿಯುವುದಿಲ್ಲ, ಎರಡನೇ ವಾರಕ್ಕೆ ಎಲ್ಲವೂ ಕೈಬಿಟ್ಟುಹೋಗುತ್ತದೆ. ಮತ್ತೆ ಮತ್ತೆ ಬೀಳಿಸುತ್ತಿರುವ ಒಂದನ್ನು ಮಾತ್ರ ಆರಿಸಿಕೊಳ್ಳಿ. ಯಾವುದೆಂದು ಸ್ಪಷ್ಟವಿಲ್ಲದಿದ್ದರೆ ಕೀರ್ತನೆ 139ರ ಕೊನೆಯ ಎರಡು ವಚನಗಳನ್ನು ಪ್ರಾರ್ಥನೆಯಾಗಿ ಹೇಳಿ: ದೇವರೇ, ನನ್ನನ್ನು ಪರೀಕ್ಷಿಸಿ ನನ್ನ ಹೃದಯವನ್ನು ತಿಳಿದುಕೋ ಎಂದು ಬೇಡುವ ಮಾತುಗಳವು. ಈಜಿಪ್ಟಿನ ಮರುಭೂಮಿಯಲ್ಲಿ ಬದುಕಿ 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬ ಸನ್ಯಾಸಿ ಮನುಷ್ಯನನ್ನು ಕಾಡುವ ಯೋಚನೆಗಳನ್ನು ಎಂಟಾಗಿ ವಿಂಗಡಿಸಿದ್ದ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಜಡತೆ, ಹೊಗಳಿಕೆಯ ಹಂಬಲ, ಗರ್ವ. ಹುಡುಕಲು ತೊಡಗುವವರಿಗೆ ಈ ಪಟ್ಟಿ ಈಗಲೂ ಉಪಯೋಗಕ್ಕೆ ಬರುತ್ತದೆ. ಜಡತೆ, ದುಃಖಗಳೂ ಅದರಲ್ಲಿವೆ ಎಂಬುದನ್ನು ಗಮನಿಸಿ. ಶೋಧನೆ ಎಂದರೆ ಕಾಮವೊಂದೇ ಎಂದುಕೊಂಡವರು ವರ್ಷಗಟ್ಟಲೆ ಬೇರೆಯದಕ್ಕೆ ಸೋಲುತ್ತಿದ್ದರೂ ಅದು ಅವರ ಗಮನಕ್ಕೇ ಬರುವುದಿಲ್ಲ.

ಆಮೇಲೆ ಏಳು ದಿನ ಒಂದು ಪುಟ್ಟ ನೋಟುಪುಸ್ತಕದಲ್ಲಿ ಬರೆದಿಡಿ. ಸೆಳೆತ ಬಂದಾಗಲೆಲ್ಲ ನಾಲ್ಕೇ ವಿವರ ಸಾಕು: ಹೊತ್ತು, ಜಾಗ ಮತ್ತು ಜೊತೆಯಲ್ಲಿದ್ದವರು, ದೇಹದ ಸ್ಥಿತಿ, ಆ ಯೋಚನೆ ನಿಮಗೆ ಏನು ಕೊಡುತ್ತೇನೆಂದಿತು ಎಂಬುದು. ಉದಾಹರಣೆಗೆ: ‘ರಾತ್ರಿ 11:20. ಹಾಸಿಗೆ, ಒಬ್ಬನೇ. ಸುಸ್ತು. ಇವತ್ತು ಬಹಳ ದುಡಿದಿದ್ದೀಯ, ಸ್ವಲ್ಪ ಹಗುರಾಗು ಎಂದಿತು.’ ಪಾಪದ ವಿವರ ಬರೆಯಬೇಡಿ. ಅದನ್ನು ಓದುವುದೇ ಇನ್ನೊಂದು ಸೆಳೆತವಾದೀತು. ಗೆದ್ದ ಸಂದರ್ಭಗಳನ್ನೂ ಬರೆಯಿರಿ. ಸೋಲನ್ನು ಮಾತ್ರ ಬರೆದಿಟ್ಟರೆ ನೋಟುಪುಸ್ತಕ ಅಪರಾಧಪಟ್ಟಿಯಾಗುತ್ತದೆ, ನಾಲ್ಕನೇ ದಿನಕ್ಕೆ ಅದನ್ನು ತೆರೆಯುವ ಮನಸ್ಸೂ ಇರುವುದಿಲ್ಲ.

ವಾರದ ಕೊನೆಗೆ ಓದಿ ನೋಡಿದರೆ ಒಂದು ಜಾಡು ಕಾಣುತ್ತದೆ. ಹಸಿವು, ನಿದ್ದೆಗೇಡು, ಒಂಟಿತನ, ಯಾರೋ ಆಡಿದ ಕಟುಮಾತು, ಈ ನಾಲ್ಕರಲ್ಲಿ ಒಂದಾದರೂ ಪದೇ ಪದೇ ಬಂದಿರುತ್ತದೆ. ಏಸಾವನು ಚೊಚ್ಚಲತನದ ಹಕ್ಕನ್ನು ಮಾರಿದ್ದು ಹೊಲದಿಂದ ದಣಿದು ಹಸಿದು ಬಂದಾಗ (ಆದಿಕಾಂಡ 25). ಸೈತಾನನು ಯೇಸುವಿನ ಬಳಿ ಬಂದು ರೊಟ್ಟಿಯ ಮಾತೆತ್ತಿದ್ದು ನಲವತ್ತು ದಿನಗಳ ಉಪವಾಸದ ನಂತರ. ಇನ್ನೊಂದು ಜಾಡೂ ಇದೆ, ಅದನ್ನು ಬಹಳ ಜನ ನಿರೀಕ್ಷಿಸುವುದಿಲ್ಲ: ಒಳ್ಳೆಯದೊಂದು ನಡೆದ ಬೆನ್ನಲ್ಲೇ ಬರುವ ಶೋಧನೆ. ಯೇಸುವಿನ ದೀಕ್ಷಾಸ್ನಾನದಲ್ಲಿ ‘ಈತನು ಪ್ರಿಯನಾಗಿರುವ ನನ್ನ ಮಗನು’ ಎಂಬ ವಾಣಿ ಕೇಳಿಸಿತು. ಅದಾದ ಕೂಡಲೇ ಅಡವಿಗೆ ಹೋದ ಆತನಿಗೆ ಅಲ್ಲಿ ಸೈತಾನನಿಂದ ಬಂದ ಮೊದಲ ಮಾತು ‘ನೀನು ದೇವರ ಮಗನಾಗಿದ್ದರೆ’ ಎಂದು. ದೊಡ್ಡ ಕೆಲಸ ಮುಗಿಸಿದ ಸಂಜೆ, ಪ್ರಾರ್ಥನಾಕೂಟದಿಂದ ಮನೆಗೆ ಮರಳಿದ ರಾತ್ರಿ, ರಜೆಯ ಮೊದಲ ದಿನ, ಇವನ್ನು ನಿಮ್ಮ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಿ.

ನಾಲ್ಕನೇ ವಿವರವನ್ನು, ಅಂದರೆ ಯೋಚನೆ ಕೊಟ್ಟ ಮಾತನ್ನು, ಹಗುರವಾಗಿ ಬಿಡಬೇಡಿ. ಬಹಳ ಸಲ ಅದರ ಹಿಂದಿರುವ ಅಗತ್ಯ ನ್ಯಾಯವಾದದ್ದೇ: ವಿಶ್ರಾಂತಿ, ಸಮಾಧಾನ, ಯಾರಾದರೂ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಆಸೆ. ಯೇಸುವಿಗೂ ಹಸಿವಾಗಿತ್ತು, ಹಸಿವು ತಪ್ಪಾಗಿರಲಿಲ್ಲ. ಅಗತ್ಯವನ್ನು ಒಪ್ಪಿಕೊಳ್ಳಿ, ಅದನ್ನು ತೀರಿಸಿಕೊಳ್ಳುವ ಕಳ್ಳದಾರಿಯನ್ನು ಬಿಡಿ. ಸುಸ್ತಾದವನು ಮಲಗಬೇಕು. ಒಂಟಿಯಾದವಳು ಗೆಳತಿಯೊಬ್ಬಳಿಗೆ ಫೋನ್ ಮಾಡಬೇಕು.

ಎರಡನೇ ಹೆಜ್ಜೆ: ದಾರಿಗಳನ್ನು ಮುಚ್ಚಿ

ಶರೀರದ ಆಶೆಗಳನ್ನು ಪೂರೈಸಲು ಮುಂಚಿತವಾಗಿ ಏರ್ಪಾಡು ಮಾಡಿಕೊಳ್ಳಬೇಡಿ ಎನ್ನುತ್ತಾನೆ ಪೌಲನು (ರೋಮಾಪುರ 13:14). ಮುಂದೆ ಸಭೆಯ ದೊಡ್ಡ ಬೋಧಕನಾದ ಅಗಸ್ಟೀನ್ 386ರಲ್ಲಿ ಮಿಲಾನ್ ನಗರದ ತೋಟವೊಂದರಲ್ಲಿ ಓದಿ ಬದುಕನ್ನು ತಿರುಗಿಸಿಕೊಂಡದ್ದು ಇದೇ ಭಾಗವನ್ನು. ಪಾಪ ಹಠಾತ್ತನೆ ನಡೆದಂತೆ ಕಂಡರೂ ಅದರ ಹಿಂದೆ ಯಾವುದೋ ಏರ್ಪಾಡು ಇರುತ್ತದೆ.

2 ಸಮುವೇಲ 11ರ ಮೊದಲ ನಾಲ್ಕು ವಚನಗಳನ್ನು ನಿಧಾನವಾಗಿ ಓದಿ. ಅರಸರು ಯುದ್ಧಕ್ಕೆ ಹೊರಡುವ ಕಾಲ, ದಾವೀದನು ಮಾತ್ರ ಯೆರೂಸಲೇಮಿನಲ್ಲೇ ಉಳಿದ. ಸಂಜೆ ಹಾಸಿಗೆಯಿಂದ ಎದ್ದು ಅರಮನೆಯ ಮಾಳಿಗೆಯ ಮೇಲೆ ತಿರುಗಾಡಿದ. ಒಬ್ಬ ಹೆಂಗಸು ಸ್ನಾನ ಮಾಡುವುದನ್ನು ಕಂಡ. ಅವಳು ಯಾರೆಂದು ವಿಚಾರಿಸಿದ. ‘ಅವಳು ಊರೀಯನ ಹೆಂಡತಿಯಲ್ಲವೇ’ ಎಂಬ ಉತ್ತರ ಬಂತು. ಆಳುಗಳನ್ನು ಕಳುಹಿಸಿ ಅವಳನ್ನು ಕರೆಸಿಕೊಂಡ. ಕಣ್ಣಿಗೆ ಬಿದ್ದದ್ದರಲ್ಲಿ ಅವನ ತಪ್ಪಿಲ್ಲದಿರಬಹುದು, ವಿಚಾರಿಸಿದ್ದರಲ್ಲಿ ಇದೆ. ದೇವರು ಶೋಧನೆಯ ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ಇಡುತ್ತಾನೆ ಎಂದು 1 ಕೊರಿಂಥ 10:13 ಹೇಳುತ್ತದೆ. ದಾವೀದನಿಗೆ ಆ ದಾರಿ ಸೇವಕನ ಬಾಯಿಂದ ಬಂದ ಒಂದೇ ವಾಕ್ಯದಲ್ಲಿತ್ತು. ಅವನು ಅದನ್ನು ಕೇಳಿಸಿಕೊಂಡೇ ದಾಟಿ ಹೋದ.

ನಿಮ್ಮ ನೋಟುಪುಸ್ತಕದಲ್ಲಿರುವ ಒಂದು ಸೋಲನ್ನು ತೆಗೆದುಕೊಂಡು ಇದೇ ರೀತಿ ಹಿಂದಕ್ಕೆ ಬಿಡಿಸಿ, ಒಂದೊಂದು ಕ್ರಿಯೆಗೆ ಒಂದೊಂದು ಸಾಲು. ಮೊಬೈಲಿನ ಶೋಧನೆಯಾದರೆ ಹೀಗೆ ಬಂದೀತು: ಊಟವಾದ ಮೇಲೆ ಫೋನ್ ಕೈಯಲ್ಲೇ ಇತ್ತು; ಅದನ್ನು ಹಿಡಿದುಕೊಂಡೇ ಮಲಗಿದೆ; ಸಂದೇಶ ನೋಡಲು ತೆರೆದೆ; ಪಕ್ಕದ ಆ್ಯಪ್‌ಗೆ ಹೋದೆ; ವಿಡಿಯೊಗಳನ್ನು ಬೆರಳಲ್ಲಿ ತಳ್ಳುತ್ತ ಹೋದೆ; ಒಂದರ ಮೇಲೆ ನಿಂತೆ; ಹುಡುಕಿದೆ. ಏಳು ಸಾಲು. ಏಳನೆಯದರಲ್ಲಿ ನಿಲ್ಲಿಸುವುದು ಬಹಳ ಕಷ್ಟ, ಎರಡನೆಯದರಲ್ಲಿ ನಿಲ್ಲಿಸಲು ಚಾರ್ಜರನ್ನು ಮಲಗುವ ಕೋಣೆಯ ಹೊರಗೆ ಇಟ್ಟರೆ ಸಾಕು. ಬೆಳಗ್ಗೆ ಏಳಲು ಅಲಾರಂ ಬೇಕಲ್ಲ ಎನ್ನುವವರು ಒಂದು ಅಲಾರಂ ಗಡಿಯಾರ ಕೊಳ್ಳಲಿ. ಈ ಒಂದು ನೆಪದಿಂದಲೇ ಎಷ್ಟೋ ಜನರ ಫೋನ್ ದಿಂಬಿನ ಪಕ್ಕಕ್ಕೆ ಮರಳುತ್ತದೆ.

ಬೇರೆ ಶೋಧನೆಗಳಿಗೂ ಇದೇ ಲೆಕ್ಕ. ಬೇಕಿಲ್ಲದ್ದನ್ನು ಕೊಳ್ಳುವ ಚಟವಿದ್ದರೆ ಫೋನಿನಲ್ಲಿ ಉಳಿಸಿಟ್ಟ ಕಾರ್ಡ್ ವಿವರ ಅಳಿಸಿ, ಪ್ರತಿ ಸಲವೂ ಸಂಖ್ಯೆ ಒತ್ತುವಂತಿರಲಿ. ಮನಸ್ಸಾದ ವಸ್ತುವಿನ ಹೆಸರು ಬರೆದಿಟ್ಟು ಮರುದಿನ ಅದೇ ಹೊತ್ತಿಗೆ ತೀರ್ಮಾನಿಸಿ. ಆನ್‌ಲೈನ್ ಜೂಜಾದರೆ ಆ್ಯಪ್ ತೆಗೆದರೆ ಸಾಲದು, ಖಾತೆಯನ್ನೇ ಮುಚ್ಚಬೇಕು. ಹಣದ ವ್ಯವಹಾರವನ್ನು ಸ್ವಲ್ಪ ಕಾಲ ನಂಬಿಗಸ್ತರಾದ ಮನೆಯವರೊಬ್ಬರ ಕೈಗೆ ಒಪ್ಪಿಸಬೇಕು. ಚಾಡಿಮಾತಿನ ಸೆಳೆತವಿದ್ದರೆ ಮಾತು ಅತ್ತ ಹೊರಳುವ ಗುಂಪಿನಿಂದ ಮೊದಲ ಹತ್ತು ನಿಮಿಷದಲ್ಲೇ ಎದ್ದು ಬನ್ನಿ. ಕಚೇರಿಯ ಲೆಕ್ಕದಲ್ಲಿ ಕೈಯಾಡಿಸುವ ಸೆಳೆತವಿದ್ದರೆ ಇನ್ನೊಬ್ಬರು ನೋಡಿ ಸಹಿ ಹಾಕುವ ಪದ್ಧತಿಯನ್ನು ನೀವೇ ಕೇಳಿ ಮಾಡಿಸಿಕೊಳ್ಳಿ.

ಇಲ್ಲಿ ಎರಡು ಕಡೆ ಎಡವುತ್ತೇವೆ. ಒಂದು, ಅರ್ಧ ಮುಚ್ಚುವುದು: ಫೋನಿಗೆ ಪಾಸ್‌ವರ್ಡ್ ಹಾಕಿ ಅದನ್ನು ತಾನೇ ನೆನಪಿಟ್ಟುಕೊಂಡಿರುವುದು. ಕಣ್ಣು ಪಾಪಕ್ಕೆ ಕಾರಣವಾದರೆ ಕಿತ್ತು ಬಿಸಾಡು ಎಂದು ಯೇಸು ಅಷ್ಟು ಕಠಿಣವಾಗಿ ಹೇಳಿದ್ದು (ಮತ್ತಾಯ 5:29) ಅಂಗಛೇದ ಮಾಡಿಕೊಳ್ಳಲಿ ಎಂದಲ್ಲ. ಬೆಲೆಯುಳ್ಳದ್ದನ್ನೂ ಬಿಟ್ಟುಕೊಡುವ ತೀರ್ಮಾನ ಬೇಕು ಎಂದು. ಎರಡು, ಖಾಲಿ ಬಿಡುವುದು. ದೆವ್ವ ಬಿಟ್ಟುಹೋದ ಮನೆ ಗುಡಿಸಿ ಅಲಂಕರಿಸಿದ್ದರೂ ಬರಿದಾಗಿತ್ತು, ಆದ್ದರಿಂದಲೇ ಆ ದೆವ್ವ ಇನ್ನೂ ಏಳು ದೆವ್ವಗಳನ್ನು ಕರೆದುಕೊಂಡು ಮರಳಿ ಬಂತು (ಮತ್ತಾಯ 12:43-45). ರಾತ್ರಿ 10ರಿಂದ 11ರವರೆಗೆ ಫೋನ್ ಬಿಟ್ಟಿರಾದರೆ ಆ ಒಂದು ತಾಸು ಏನು ಮಾಡುತ್ತೀರಿ ಎಂದು ಮೊದಲೇ ಬರೆದಿಡಿ. ಕದಿಯುವವನು ಇನ್ನು ಕದಿಯದಿರಲಿ ಎಂದಷ್ಟಕ್ಕೇ ಪೌಲನು ನಿಲ್ಲಲಿಲ್ಲ. ಅವನು ಕೈಯಿಂದ ದುಡಿಯಲಿ, ಕೊರತೆಯಲ್ಲಿರುವವರಿಗೆ ಕೊಡಲಿ ಎಂದೂ ಹೇಳಿದ (ಎಫೆಸ 4:28).

ಮೂರನೇ ಹೆಜ್ಜೆ: ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ

ಅಡವಿಯಲ್ಲಿ ಯೇಸು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು: 8:3, 6:16, 6:13. ಆತನ ಕೈಯಲ್ಲಿ ಅಲ್ಲಿ ಗ್ರಂಥದ ಸುರುಳಿ ಇರಲಿಲ್ಲ. ಒಳಗೆ ಇದ್ದದ್ದೇ ಹೊರಗೆ ಬಂತು.

ಒಂದು ಶೋಧನೆಗೆ ಒಂದು ವಚನ, ಒಂದು ವಚನಕ್ಕೆ ಒಂದು ವಾರ. ಕೋಪಕ್ಕೆ ಯಾಕೋಬ 1:19-20. ಹಣದಾಸೆಗೆ ಇಬ್ರಿಯ 13:5. ಕಣ್ಣಿನ ಕಾಮಕ್ಕೆ ಯೋಬ 31:1. ಸುಳ್ಳಿಗೆ ಎಫೆಸ 4:25, ಚಾಡಿಗೆ ಅದೇ ಅಧ್ಯಾಯದ 29. ಹೊಟ್ಟೆಕಿಚ್ಚಿಗೆ ಜ್ಞಾನೋಕ್ತಿ 14:30. ಗರ್ವಕ್ಕೆ 1 ಕೊರಿಂಥ 4:7. ಕುಗ್ಗಿದ ಮನಸ್ಸಿಗೆ ಕೀರ್ತನೆ 42:5. ಆರಿಸಿದ ವಚನವನ್ನು ನಿಮ್ಮ ಕೈಯಾರೆ ಒಂದು ಚೀಟಿಯಲ್ಲಿ ಬರೆಯಿರಿ. ಬೆಳಗ್ಗೆ, ಮಧ್ಯಾಹ್ನ, ಮಲಗುವ ಮುನ್ನ ಐದೈದು ಸಲ ಬಾಯಿಬಿಟ್ಟು ಹೇಳಿ. ಮೊದಲಿಗೂ ಕೊನೆಗೂ ಅಧ್ಯಾಯ, ವಚನದ ಸಂಖ್ಯೆ ಸೇರಿಸಿ. ಮೂರನೇ ದಿನದಿಂದ ಚೀಟಿ ನೋಡದೆ ಹೇಳಿ, ತಪ್ಪಿದಾಗ ಮಾತ್ರ ನೋಡಿ. ಮನಸ್ಸಿನಲ್ಲೇ ಓದಿಕೊಂಡದ್ದು ಒತ್ತಡದ ಗಳಿಗೆಯಲ್ಲಿ ಬಾಯಿಗೆ ಬರುವುದಿಲ್ಲ. ನಾಲಗೆಗೆ ರೂಢಿಯಾದದ್ದು ಬರುತ್ತದೆ.

ವಚನವನ್ನು ಕಲಿಯುವ ವಾರದಲ್ಲಿ ಅದಿರುವ ಇಡೀ ಅಧ್ಯಾಯವನ್ನು ಒಮ್ಮೆಯಾದರೂ ಓದಿ. ಸೈತಾನನೂ ದೇವಾಲಯದ ಶಿಖರದಲ್ಲಿ ಕೀರ್ತನೆ 91ನ್ನು ತೆಗೆದು ಹೇಳಿದ್ದ. ಸಂದರ್ಭ ಬಿಟ್ಟ ವಚನ ನಮ್ಮ ನೆಪಕ್ಕೂ ಒದಗುತ್ತದೆ. ‘ಎಲ್ಲವನ್ನೂ ಮಾಡಲು ನನಗೆ ಸ್ವಾತಂತ್ರ್ಯವಿದೆ’ ಎಂಬ ಮಾತಿನ ಹಿಂದೆಯೇ ‘ಆದರೆ ಎಲ್ಲವೂ ಹಿತಕರವಲ್ಲ’ ಎಂಬುದೂ ಇದೆ. ವಚನವನ್ನು ಮಂತ್ರದ ಹಾಗೆ ಉದುರಿಸುವುದರಿಂದಲೂ ಕೆಲಸವಾಗದು. ಅದು ಯಾರ ಮಾತೋ ಆತನೊಂದಿಗೆ ಮಾತಾಡುತ್ತ ಹೇಳಬೇಕು: ‘ಕರ್ತನೇ, ನನ್ನನ್ನು ಎಂದಿಗೂ ಕೈಬಿಡುವುದಿಲ್ಲ ಎಂದಿದ್ದೀ, ಹಾಗಾದರೆ ಈ ಹಣ ನನಗೆ ಬೇಡ.’

ನಾಲ್ಕನೇ ಹೆಜ್ಜೆ: ಆ ಗಳಿಗೆಯಲ್ಲಿ

ಸೆಳೆತ ಬಂದೇ ಬಂತು. ಈಗ ಮೊದಲ ಒಂದೆರಡು ನಿಮಿಷ ಬಹಳ ಮುಖ್ಯ, ಏಕೆಂದರೆ ಆಸೆ ಇನ್ನೂ ಚಿಕ್ಕದಾಗಿದೆ.

ಅದಕ್ಕೆ ಹೆಸರಿಡಿ. ‘ದೇವರೇ, ಇದು ಹೊಟ್ಟೆಕಿಚ್ಚು’, ‘ಇದು ಸುಳ್ಳು ಹೇಳುವ ಆಸೆ’. ಹೆಸರಿಲ್ಲದ ಮಬ್ಬಿನಲ್ಲಿ ಅದು ಬೆಳೆಯುತ್ತದೆ. ಹೆಸರಿಟ್ಟ ಬೆನ್ನಲ್ಲೇ ಒಂದು ಚಿಕ್ಕ ಕೂಗು: ‘ದೇವರೇ, ನನ್ನನ್ನು ರಕ್ಷಿಸಲು ಬೇಗ ಬಾ.’ ಕೀರ್ತನೆ 70ರ ಆರಂಭದ ಈ ಮಾತನ್ನು ಯಾವ ಶೋಧನೆಯಲ್ಲೂ ಬಿಡದೆ ಹೇಳಿಕೊಳ್ಳಿ ಎಂದು 5ನೇ ಶತಮಾನದಲ್ಲಿ ಜಾನ್ ಕಾಸಿಯನ್ ಎಂಬ ಮಠಾಧಿಪತಿ ತನ್ನವರಿಗೆ ಕಲಿಸಿದ್ದ. ಪೂರ್ವದ ಸಭೆಗಳಲ್ಲಿ ‘ಕರ್ತನಾದ ಯೇಸುಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು’ ಎನ್ನುತ್ತಾರೆ. ಉದ್ದದ ಪ್ರಾರ್ಥನೆಗೆ ಈಗ ಹೊತ್ತಲ್ಲ.

ಆಮೇಲೆ ಓಡಬೇಕೋ ನಿಲ್ಲಬೇಕೋ ಎಂದು ತಿಳಿದಿರಬೇಕು. ಜಾರತ್ವ, ವಿಗ್ರಹಾರಾಧನೆ, ಹಣದಾಸೆ, ಯೌವನದ ಇಚ್ಛೆಗಳು, ಇವುಗಳಿಂದ ಓಡಿಹೋಗಿ ಎಂದೇ ಪೌಲನು ಬರೆಯುತ್ತಾನೆ (1 ಕೊರಿಂಥ 6:18, 10:14, 1 ತಿಮೊಥೆಯ 6:11, 2 ತಿಮೊಥೆಯ 2:22). ಓಡುವುದೆಂದರೆ ಕಾಲಿಂದಲೇ ಓಡುವುದು: ಕೋಣೆ ಬಿಡಿ, ಫೋನ್ ಅಲ್ಲೇ ಇಟ್ಟು ಜನರಿರುವ ಕಡೆ ಹೋಗಿ ಕೂತುಕೊಳ್ಳಿ. ಯೋಸೇಫನು ಪೋಟೀಫರನ ಹೆಂಡತಿಯ ಕೈಯಲ್ಲಿ ಬಟ್ಟೆ ಬಿಟ್ಟು ಓಡಿದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಅವಳು ದಿನದಿನವೂ ಪೀಡಿಸುತ್ತಿದ್ದಾಗ ಅವನು ಅವಳ ಹತ್ತಿರ ಇರುವುದನ್ನೇ ತಪ್ಪಿಸುತ್ತಿದ್ದ ಎಂಬುದು (ಆದಿಕಾಂಡ 39:10) ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ. ಭಯ, ಸಂದೇಹ, ಬೆದರಿಕೆಯ ಶೋಧನೆಗಳದು ಬೇರೆ ರೀತಿ. ಅವುಗಳಿಂದ ಓಡಿದಷ್ಟೂ ಬೆನ್ನಟ್ಟುತ್ತವೆ, ಅಲ್ಲಿ ನಂಬಿಕೆಯಲ್ಲಿ ದೃಢವಾಗಿ ನಿಂತು ಎದುರಿಸಬೇಕು (1 ಪೇತ್ರ 5:9). ಎದುರಿಸುವಾಗಲೂ ಯಾಕೋಬನು ಹೇಳಿದ ಕ್ರಮ ತಪ್ಪಬಾರದು: ಮೊದಲು ದೇವರಿಗೆ ಅಧೀನರಾಗಿ, ಆಮೇಲೆ ಸೈತಾನನನ್ನು ಎದುರಿಸಿ (4:7). ಅಧೀನತೆಯಿಲ್ಲದೆ ಸೈತಾನನನ್ನು ಗದರಿಸುತ್ತ ಕೂರುವುದು ಬರೀ ಸದ್ದು.

ಚರ್ಚೆಗೆ ಮಾತ್ರ ಇಳಿಯಬೇಡಿ. ಹವ್ವಳು ಸರ್ಪದ ಪ್ರಶ್ನೆಗೆ ಉತ್ತರ ಕೊಡತೊಡಗಿದಳು, ದೇವರು ಹೇಳದ ‘ಮುಟ್ಟಲೂ ಬಾರದು’ ಎಂಬುದನ್ನೂ ಸೇರಿಸಿದಳು, ಆಮೇಲೆ ಹಣ್ಣನ್ನು ನೋಡತೊಡಗಿದಳು. ‘ಇದೊಂದೇ ಸಲ’, ‘ಎಲ್ಲರೂ ಮಾಡುತ್ತಾರೆ’, ‘ಇಷ್ಟು ದಿನ ತಡೆದಿದ್ದೇನಲ್ಲ’ ಎಂಬ ಮಾತುಗಳಿಗೆ ನೀವು ವಾದ ಹೂಡಿದಷ್ಟು ಹೊತ್ತೂ ಕಣ್ಣು ಆ ಹಣ್ಣಿನ ಮೇಲೇ ಇರುತ್ತದೆ. ವಚನ ಹೇಳಿ, ಎದ್ದು, ಕೈಗೆ ಬೇರೆ ಕೆಲಸ ಕೊಡಿ. ಎಷ್ಟೇ ತೀವ್ರವಾದ ಆಸೆಯೂ ಏರಿದ ಮಟ್ಟದಲ್ಲೇ ನಿಲ್ಲುವುದಿಲ್ಲ, ಉಣಿಸದಿದ್ದರೆ ಇಳಿಯುತ್ತದೆ. ಅರ್ಧ ಗಂಟೆ ದಾಟಿಸುವುದನ್ನೇ ಗುರಿಯಾಗಿಟ್ಟುಕೊಳ್ಳಿ. ‘ಇನ್ನು ಜೀವಮಾನದಲ್ಲಿ ಮಾಡಲಾರೆ’ ಎಂಬ ಶಪಥ ಆ ಗಳಿಗೆಯಲ್ಲಿ ಭಾರವಾಗುತ್ತದೆ.

ಕೋಪದ ಬಗ್ಗೆ ಒಂದಿಷ್ಟು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ಅರ್ಧ ಗಂಟೆ ಕೊಡುವುದಿಲ್ಲ, ಅರ್ಧ ನಿಮಿಷವನ್ನೂ ಕೊಡುವುದಿಲ್ಲ. ದವಡೆ ಬಿಗಿಯುವುದು, ದನಿ ಏರುವುದು, ಕಿವಿ ಬಿಸಿಯಾಗುವುದು, ಇವುಗಳಲ್ಲಿ ನಿಮಗೆ ಮೊದಲು ಬರುವುದು ಯಾವುದೆಂದು ಗುರುತಿಟ್ಟುಕೊಳ್ಳಿ. ಅದು ಬಂದ ಕೂಡಲೇ ಬಾಯಿ ಮುಚ್ಚುವುದು, ಅಷ್ಟೇ. ‘ಹತ್ತು ನಿಮಿಷ ಬಿಟ್ಟು ಮಾತಾಡೋಣ’ ಎಂಬ ವಾಕ್ಯವನ್ನು ಶಾಂತವಾಗಿದ್ದಾಗಲೇ ಮನೆಯವರೊಂದಿಗೆ ಒಪ್ಪಂದ ಮಾಡಿಕೊಂಡಿರಿ, ಇಲ್ಲದಿದ್ದರೆ ಅದು ತಿರಸ್ಕಾರದಂತೆ ಕೇಳಿಸುತ್ತದೆ. ಹೇಳಿದ ಮೇಲೆ ಹತ್ತು ನಿಮಿಷಕ್ಕೆ ಮರಳಿ ಬನ್ನಿ. ಕೋಪದಲ್ಲಿ ಬರೆದ ಸಂದೇಶವನ್ನು ಕಳುಹಿಸುವ ಜಾಗದಲ್ಲಿ ಬರೆಯಲೇಬೇಡಿ, ಕಾಗದದಲ್ಲಿ ಬರೆಯಿರಿ. ಸೂರ್ಯ ಮುಳುಗುವ ತನಕ ಕೋಪವಿಟ್ಟುಕೊಳ್ಳಬೇಡಿ ಎಂಬ ವಚನವನ್ನು (ಎಫೆಸ 4:26) ಹಿಡಿದುಕೊಂಡು ನಡುರಾತ್ರಿ ನಿದ್ದೆಗಣ್ಣಲ್ಲಿ ಜಗಳ ಬಗೆಹರಿಸಲು ಹೊರಡುವವರಿದ್ದಾರೆ. ಬಿಡಬೇಕಾದದ್ದು ಹಗೆ. ಮಾತುಕತೆ ಬೆಳಗ್ಗೆಗೆ ಉಳಿದರೆ ತಪ್ಪೇನಿಲ್ಲ.

ಐದನೇ ಹೆಜ್ಜೆ: ಒಬ್ಬರಿಗೆ ತಿಳಿದಿರಲಿ

ಗುಟ್ಟಾಗಿಟ್ಟ ಶೋಧನೆಯ ಬಲ ದೊಡ್ಡದು. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿರಿ ಎನ್ನುತ್ತಾನೆ ಯಾಕೋಬ (5:16). ಹಾಗೆ ಹೇಳಿಕೊಳ್ಳಲು ಒಬ್ಬರನ್ನು ಆರಿಸಿಕೊಳ್ಳಿ: ಗಂಡಸಾದರೆ ಗಂಡಸು, ಹೆಂಗಸಾದರೆ ಹೆಂಗಸು. ನಂಬಿಕೆಯಲ್ಲಿ ನಿಮಗಿಂತ ಒಂದಿಷ್ಟು ಮುಂದೆ ನಡೆದವರು. ಬೇರೆಯವರ ಗುಟ್ಟನ್ನು ನಿಮ್ಮೆದುರು ಬಿಚ್ಚದವರು. ಈ ಕೊನೆಯದೇ ಅಸಲಿ ಪರೀಕ್ಷೆ. ‘ಪ್ರಾರ್ಥನೆಗೋಸ್ಕರ ಹೇಳುತ್ತಿದ್ದೇನೆ’ ಎಂದು ಇನ್ನೊಬ್ಬರ ವಿಷಯ ತೆಗೆಯುವವರು ನಾಳೆ ನಿಮ್ಮದನ್ನೂ ತೆಗೆಯುತ್ತಾರೆ. ಕಥೋಲಿಕರಿಗೆ ಮತ್ತು ಆರ್ಥೊಡಾಕ್ಸ್ ಸಭೆಯವರಿಗೆ ಪಾಪನಿವೇದನೆಯ ಸಂಸ್ಕಾರವಿದೆ. ಅಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ.

ವಾರಕ್ಕೊಮ್ಮೆ ನಿಗದಿತ ದಿನ ಅರ್ಧ ಗಂಟೆ ಸಿಗಿ. ಕೇಳಬೇಕಾದ ಪ್ರಶ್ನೆಗಳನ್ನು ನೀವೇ ಬರೆದುಕೊಡಿ, ಅವು ಖಚಿತವಾಗಿರಲಿ: ಈ ವಾರ ಎಷ್ಟು ಸಲ ಬಿದ್ದೆ? ಯಾವ ಹೊತ್ತಿನಲ್ಲಿ? ಮುಚ್ಚಿದ ದಾರಿಗಳಲ್ಲಿ ಯಾವುದನ್ನು ಮತ್ತೆ ತೆರೆದೆ? ಈಗ ಹೇಳಿದ್ದರಲ್ಲಿ ಏನನ್ನಾದರೂ ಮುಚ್ಚಿಟ್ಟೆಯಾ? ‘ಬಲಹೀನನಾಗಿದ್ದೇನೆ ಅಣ್ಣಾ, ಪ್ರಾರ್ಥಿಸಿ’ ಎಂಬ ಪೊಳ್ಳು ಅರಿಕೆಯಿಂದ ಇಬ್ಬರಿಗೂ ಏನೂ ಸಿಗುವುದಿಲ್ಲ. ತುರ್ತಿಗೆ ಒಂದು ಪದ ಗೊತ್ತುಮಾಡಿಕೊಳ್ಳಿ. ಆ ಒಂದು ಪದದ ಸಂದೇಶ ಹೋದರೆ ಅವರು ವಿವರ ಕೇಳದೆ ಫೋನ್ ಮಾಡಬೇಕು. ಕೇಳಿಸಿಕೊಳ್ಳುವವರಿಗೂ ಒಂದು ಮಾತು: ಗಲಾತ್ಯ 6:1 ಸೌಮ್ಯವಾಗಿ ತಿದ್ದಿ ಎನ್ನುತ್ತದೆ, ನೀವೂ ಶೋಧನೆಗೆ ಒಳಗಾಗದಂತೆ ನೋಡಿಕೊಳ್ಳಿ ಎಂದೂ ಎಚ್ಚರಿಸುತ್ತದೆ. ಪೊಲೀಸರಂತೆ ವಿಚಾರಣೆ ನಡೆಸಿದರೆ ಮುಂದಿನ ವಾರದಿಂದ ನಿಮಗೆ ಸುಳ್ಳೇ ಸಿಗುವುದು.

ಉಪವಾಸವೂ ಸಹಾಯಕ. ‘ಬೇಡ’ ಎನ್ನುವ ರೂಢಿಯನ್ನು ದೇಹಕ್ಕೆ ಅದು ಚಿಕ್ಕದರಲ್ಲಿ ಕಲಿಸುತ್ತದೆ. ವಾರಕ್ಕೆ ಒಂದು ಹೊತ್ತಿನ ಊಟದಿಂದ ಶುರುಮಾಡಿ, ಆ ಸಮಯವನ್ನು ಪ್ರಾರ್ಥನೆಗೆ ಕೊಡಿ, ಯಾರಿಗೂ ಗೊತ್ತಾಗದಂತಿರಿ (ಮತ್ತಾಯ 6:16-18). ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಊಟದ ವಿಷಯದಲ್ಲೇ ಮನೋವೇದನೆ ಇರುವವರು ಊಟ ಬಿಡಬಾರದು. ಅವರು ಫೋನ್, ಟಿವಿಯಂಥ ಬೇರೊಂದನ್ನು ಬಿಡಲಿ.

ಆರನೇ ಹೆಜ್ಜೆ: ಬಿದ್ದ ಮೇಲಿನ ಮೊದಲ ಗಂಟೆ

ಇದರ ಬಗ್ಗೆ ಸಭೆಗಳಲ್ಲಿ ಮಾತು ಕಡಿಮೆ, ಹಾನಿ ಮಾತ್ರ ಇಲ್ಲೇ ಹೆಚ್ಚು. ಒಂದು ಬೀಳುವಿಕೆ ಒಂದು ವಾರದ ಬೀಳುವಿಕೆಯಾಗುವುದು ಈ ಗಂಟೆಯಲ್ಲಿ. ‘ಇವತ್ತಿನ ದಿನ ಹೇಗೂ ಹಾಳಾಯಿತು, ನಾಳೆಯಿಂದ ನೋಡೋಣ’ ಎಂಬ ಯೋಚನೆ ಎರಡನೇ ಶೋಧನೆ, ಮೊದಲನೆಯದಕ್ಕಿಂತ ಕ್ರೂರವಾದದ್ದು.

ಇದ್ದಲ್ಲೇ ನಿಲ್ಲಿಸಿ. ಹಗಲಿರಲಿ, ರಾತ್ರಿಯಿರಲಿ, ಮುಖ ತೊಳೆದು ಮೊಣಕಾಲೂರಿ ಮಾಡಿದ್ದನ್ನು ಒಂದೇ ವಾಕ್ಯದಲ್ಲಿ ಅದರ ಹೆಸರಿನಿಂದಲೇ ಅರಿಕೆ ಮಾಡಿ: ‘ನಾನು ಸುಳ್ಳು ಹೇಳಿದೆ’ ಎನ್ನಿ, ‘ಪರಿಸ್ಥಿತಿ ಹಾಗಿತ್ತು’ ಎನ್ನಬೇಡಿ. ಕೀರ್ತನೆ 51ನ್ನು ಪೂರ್ತಿ ಓದಿ, ಅದು ದಾವೀದನು ಪ್ರವಾದಿ ನಾತಾನನಿಂದ ಎಚ್ಚರಿಸಲ್ಪಟ್ಟ ನಂತರದ್ದು. ನಂಬಿಗಸ್ತನೂ ನೀತಿವಂತನೂ ಆದ ದೇವರು ಕ್ಷಮಿಸಿ ಶುದ್ಧಿಮಾಡುತ್ತಾನೆ ಎಂಬ ಮಾತನ್ನು (1 ಯೋಹಾನ 1:9) ನಿಮ್ಮ ಮನಸ್ಸಿಗೆ ಹಾಗನಿಸಲಿ, ಅನಿಸದಿರಲಿ, ನಿಜವೆಂದು ಹಿಡಿಯಿರಿ. ಮೂರು ದಿನ ಪ್ರಾರ್ಥನೆಯಿಂದ ದೂರವಿದ್ದು ‘ಸ್ವಲ್ಪ ಶುದ್ಧನಾದ ಮೇಲೆ’ ಬರುತ್ತೇನೆ ಎನ್ನುವವರು ಕ್ರಿಸ್ತನು ಶಿಲುಬೆಯಲ್ಲಿ ಮುಗಿಸಿದ ಕೆಲಸವನ್ನು ತಾವೇ ಮಾಡಲು ಹೊರಟಂತೆ. ಯೇಸುವನ್ನು ಅರಿಯೆನೆಂದ ಪೇತ್ರನೂ ಆತನನ್ನು ಹಿಡಿದುಕೊಟ್ಟ ಯೂದನೂ ಒಂದೇ ರಾತ್ರಿ ಬಿದ್ದರು, ಇಬ್ಬರೂ ದುಃಖಪಟ್ಟರು. ಪೇತ್ರನು ಮರಳಿ ಬಂದ. ಬೀಳುವ ಮೊದಲೇ ಅವನಿಗಾಗಿ ಕರ್ತನು ಪ್ರಾರ್ಥಿಸಿದ್ದನು (ಲೂಕ 22:32).

ಕೃಪೆ ಸಿಗುತ್ತದಲ್ಲ ಎಂದು ಪಾಪದಲ್ಲೇ ನಿಲ್ಲುವುದಕ್ಕೆ ಪೌಲನು ರೋಮಾಪುರ 6ರಲ್ಲಿ ‘ಎಂದಿಗೂ ಇಲ್ಲ’ ಎಂದಿದ್ದಾನೆ. ಆದ್ದರಿಂದ ಅರಿಕೆಯ ಜೊತೆಗೆ ಸರಿಪಡಿಸುವುದೂ ಬರಬೇಕು. ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಹಣ ತೆಗೆದಿದ್ದರೆ ಮರಳಿಸಿ. ಚಾಡಿ ಹೇಳಿದ್ದರೆ ಕೇಳಿಸಿಕೊಂಡವರ ಬಳಿಯೇ ಹೋಗಿ ‘ನಾನು ಹೇಳಿದ್ದು ಸರಿಯಲ್ಲ’ ಎನ್ನಿ. ಬೈದಿದ್ದರೆ ಮಕ್ಕಳಾದರೂ ಸರಿ, ಕ್ಷಮೆ ಕೇಳಿ. ‘ನೀನು ಹಾಗೆ ಮಾಡಿದ್ದಕ್ಕೆ’ ಎಂಬ ಬಾಲ ಸೇರಿಸಬೇಡಿ. ನಿಮ್ಮ ಆ ಒಬ್ಬರಿಗೆ ಅದೇ ದಿನ ತಿಳಿಸಿ. ಕೊನೆಗೆ ನೋಟುಪುಸ್ತಕ ತೆರೆದು ಯಾವ ದಾರಿ ತೆರೆದೇ ಇತ್ತು ಎಂದು ನೋಡಿ, ಒಂದನ್ನು ಮಾತ್ರ ಇಂದೇ ಮುಚ್ಚಿ.

ಪ್ರತಿ ರಾತ್ರಿ ಹತ್ತು ನಿಮಿಷ

ಇಷ್ಟನ್ನೂ ಉಳಿಸಿಕೊಂಡು ಹೋಗಲು ಒಂದು ದಿನಚರಿ ಬೇಕು. 16ನೇ ಶತಮಾನದಲ್ಲಿ ಲೊಯೋಲದ ಇಗ್ನೇಷಿಯಸ್ ಎಂಬ ಕಥೋಲಿಕ ಗುರು ಕಲಿಸಿದ ಆತ್ಮಪರಿಶೋಧನೆಯನ್ನು ಯಾವ ಸಭೆಯವರೂ ಬಳಸಬಹುದು. ಐದು ಭಾಗ: ಈ ದಿನದ ಒಳಿತಿಗೆ ಕೃತಜ್ಞತೆ, ಸತ್ಯವನ್ನು ಕಾಣಲು ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ಗಂಟೆಗಂಟೆಯಾಗಿ ದಿನವನ್ನು ತಿರುಗಿ ನೋಡುವುದು, ತಪ್ಪಿಗೆ ಕ್ಷಮೆ ಕೇಳುವುದು, ನಾಳೆಗೆ ಸಂಕಲ್ಪ. ಕೃತಜ್ಞತೆಯನ್ನು ಹಾರಿಸಬೇಡಿ. ಅದಿಲ್ಲದೆ ಮೂರನೇ ಭಾಗ ಬರೀ ತಪ್ಪು ಹುಡುಕಾಟವಾಗುತ್ತದೆ. ಸಂಕಲ್ಪ ಒಂದೇ ಇರಲಿ, ಹೊತ್ತಿನ ಸಮೇತ ಇರಲಿ: ‘ನಾಳೆ ಮಧ್ಯಾಹ್ನ 3ರ ಸಭೆಯಲ್ಲಿ ನನ್ನ ಕೆಲಸವನ್ನು ಹಿಗ್ಗಿಸಿ ಹೇಳುವುದಿಲ್ಲ.’ ಹಾಸಿಗೆಯಲ್ಲಿ ಮಲಗಿಕೊಂಡು ಮಾಡಿದರೆ ಎರಡನೇ ಭಾಗಕ್ಕೇ ನಿದ್ದೆ ಬರುತ್ತದೆ, ಕೂತು ಮಾಡಿ.

ವೈದ್ಯರ ಬಳಿ ಹೋಗಬೇಕಾದಾಗ

ಎಲ್ಲವೂ ಶೋಧನೆಯಲ್ಲ. ಕುಡಿತ, ಮಾದಕವಸ್ತು, ಜೂಜು ಚಟವಾಗಿ ಬೇರೂರಿದ್ದರೆ ಪ್ರಾರ್ಥನೆಯ ಜೊತೆಗೆ ಚಿಕಿತ್ಸೆಯೂ ಬೇಕು. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಅಪಸ್ಮಾರದಂಥ ಸೆಳವು ಬಂದು ಜೀವಕ್ಕೇ ಅಪಾಯವಾಗಬಹುದು. ಅವರು ವೈದ್ಯರ ನಿಗಾದಲ್ಲೇ ಬಿಡಬೇಕು. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಒಂದು ದಿನವೂ ತಡಮಾಡದೆ ಯಾರಿಗಾದರೂ ಹೇಳಿ, ಆಸ್ಪತ್ರೆಗೆ ಹೋಗಿ. ಪ್ರವಾದಿ ಎಲೀಯನು ಸಾವನ್ನು ಬೇಡಿ ಗಿಡದ ಕೆಳಗೆ ಮಲಗಿದಾಗ ದೇವರು ಗದರಿಸಲಿಲ್ಲ. ನಿದ್ದೆ ಕೊಟ್ಟನು, ದೂತನ ಕೈಯಿಂದ ಎರಡು ಸಲ ಊಟ ಕೊಟ್ಟನು (1 ಅರಸುಗಳು 19).

ಇನ್ನೊಂದು ಗುಂಪಿನವರಿದ್ದಾರೆ, ಬಹಳ ನೋಯುವವರು. ದೇವದೂಷಣೆಯಂಥ ಯೋಚನೆಗಳು ತಮಗೆ ಬೇಡವೆಂದರೂ ನುಗ್ಗುತ್ತವೆ. ಹೆದರಿ ಮತ್ತೆ ಮತ್ತೆ ಅರಿಕೆ ಮಾಡುತ್ತಾರೆ, ಅರಿಕೆ ಸರಿಯಾಯಿತೋ ಇಲ್ಲವೋ ಎಂದು ಮತ್ತೊಮ್ಮೆ ಮಾಡುತ್ತಾರೆ. ಅಂಥವರಿಗೆ ಈ ಲೇಖನದ ನೋಟುಪುಸ್ತಕ, ದಿನದ ಪರಿಶೋಧನೆ ಎರಡೂ ಬೇಡ, ಅವು ಭಯವನ್ನು ಹೆಚ್ಚಿಸುತ್ತವೆ. ಇದು ಗೀಳು ಮನೋರೋಗವಿರಬಹುದು. ಮನೋವೈದ್ಯರು ಇದಕ್ಕೆ ಪರಿಣಾಮಕಾರಿ ಚಿಕಿತ್ಸೆ ಕೊಡುತ್ತಾರೆ. ಒಬ್ಬರೇ ಸಭಾಪಾಲಕರನ್ನು ಆರಿಸಿಕೊಂಡು, ಅರಿಕೆ ಎಷ್ಟು ದಿನಕ್ಕೊಮ್ಮೆ ಎಂದು ಅವರೇ ನಿಗದಿಪಡಿಸಲಿ, ಅದಕ್ಕಿಂತ ಹೆಚ್ಚು ಮಾಡದಿರಿ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ‘ನಂಬಿಕೆಯಿದ್ದರೆ ಬೇಕಿಲ್ಲ’ ಎಂದು ಯಾರೇ ಹೇಳಿದರೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.